ಅರ್ಧ ಮಾತ್ರೆ

ನುಂಗಂಬಾಕ್ಕಮಿನಲ್ಲಿ ನಮ್ಮ ಹೋಟೆಲಿನ ಮಹಡಿಯ ಮೇಲೇ ನಮ್ಮ ಮನೆ. ನನ್ನ ಯಜಮಾನರು ಬೆಳಗ್ಗೆ ಐದಕ್ಕೆ ಕೆಳಗಿಳಿದರೆ ಮತ್ತೆ ಮೇಲೆ ಬರುವುದು ಊಟಕ್ಕೆ ಮಾತ್ರ. ಆಗಲೂ ಕಿವಿ ಗಲ್ಲಾದ ಕಡೆಗೇ. ಆ ಊರಿಗೆ ಬಂದು ಹನ್ನೆರಡು ವರ್ಷವಾದರೂ ನನಗೆ ತಮಿಳು ತರಕಾರಿ ಕೊಳ್ಳುವಷ್ಟೇ ಬರುತ್ತಿತ್ತು. ಹಗಲೆಲ್ಲ ನನ್ನೊಡನೆ ಮಾತಾಡುತ್ತಿದ್ದವಳು ಮಗಳು ಹರ್ಷಿಣಿ ಒಬ್ಬಳೇ.

ಅವಳಿಗೆ ಒಂಬತ್ತು ವರ್ಷ, ಆಟಿಸಂ. ಸ್ವಂತ ಮಾತಿರಲಿಲ್ಲ, ಕೆಳಗೆ ಸಪ್ಲೈಯರುಗಳು ಅಡುಗೆಮನೆಗೆ ಕೂಗಿದ್ದನ್ನೇ ಮೇಲೆ ಕೂತು ಕೂಗುತ್ತಿದ್ದಳು. "ಸಾದಾ ಒಂದು, ಮಸಾಲೆ ಎರಡು!" ನಾನು "ಪಾರ್ಸೆಲ್ಲಾ ಮಗಾ?" ಎಂದರೆ "ಪಾರ್ಸೆಲ್!" ಎಂದು ನಗುತ್ತಿದ್ದಳು. ಇದು ಸಂಭಾಷಣೆಯಲ್ಲ ಎಂದು ಸ್ಪೀಚ್ ಟೀಚರ್ ಹೇಳಿದಳು. ಆ ಟೀಚರಿಗೇನು, ಅವಳ ಮನೆ ತುಂಬ ಜನ.

ಆದರೆ ಹರ್ಷಿಣಿ ಕೈ ಕಚ್ಚಿಕೊಳ್ಳುತ್ತಿದ್ದಳು. ಎಡಗೈ ಹೆಬ್ಬೆರಳಿನ ಬುಡ ಯಾವಾಗಲೂ ಹಸಿ ಗಾಯ. 2004ರ ಬೇಸಿಗೆಯಲ್ಲಿ ಕೀಲ್ಪಾಕಿನ ಡಾಕ್ಟರಮ್ಮ ಒಂದು ಮಾತ್ರೆ ಬರೆದರು. ಇದರಿಂದ ಆಟಿಸಂ ಹೋಗುವುದಿಲ್ಲ, ಕಚ್ಚುವುದು ಕಡಿಮೆಯಾಗಬಹುದು. ಮೂರು ತಿಂಗಳು ನೋಡಿ, ಮುಂದುವರಿಸುವುದೋ ಬಿಡುವುದೋ ಆಮೇಲೆ ನಿರ್ಧರಿಸೋಣ ಎಂದರು. ನಮ್ಮ ಯಜಮಾನರಿಗೆ ಮನಸ್ಸಿರಲಿಲ್ಲ. "ಇಷ್ಟು ಸಣ್ಣ ಮಗುವಿಗೆ ತಲೆಯ ಮದ್ದು ಕೊಡುದಾ ಮಾರಾಯ್ತಿ?" ಎಂದರು. ಹಟ ಹಿಡಿದು ಶುರುಮಾಡಿಸಿದವಳು ನಾನೇ.

ಗಾಯ ಒಣಗಿ ಹೊಸ ಚರ್ಮ ಬಂತು. ಕೂಗುವುದೂ ನಿಂತಿತು. ಕೊಟ್ಟಿದ್ದನ್ನು ತಿಂದು ಕಿಟಕಿಯ ಬಳಿ ಕೂರುತ್ತಿದ್ದಳು. "ಪಾರ್ಸೆಲ್ಲಾ?" ಎಂದು ಹತ್ತು ಸಲ ಕೇಳಿದರೂ ತುಟಿಪಿಟಕ್ಕೆನ್ನಲಿಲ್ಲ. ಮಗು ಎಷ್ಟು ಸಾಧುವಾಗಿದೆ ಎಂದು ಪಕ್ಕದ ಮನೆಯವರು ಹೊಗಳಿದಾಗ ನನಗೆ ಹೊಟ್ಟೆ ಉರಿಯಿತು. ಆ ಮನೆಯಲ್ಲಿ ನಾನು ಒಂಟಿಯಾಗಿಬಿಟ್ಟೆ.

ಮೂರನೆಯ ತಿಂಗಳ ಕೊನೆಗೆ, ಯಾರಿಗೂ ಹೇಳದೆ, ಮಾತ್ರೆಯನ್ನು ಚಾಕುವಿನಿಂದ ಎರಡು ಮಾಡಿ ಅರ್ಧವನ್ನಷ್ಟೇ ಮೊಸರನ್ನದಲ್ಲಿ ಕೊಡತೊಡಗಿದೆ. ಐದನೆಯ ದಿನ ಮಧ್ಯಾಹ್ನ ಬಟ್ಟೆ ಮಡಿಸುತ್ತಿದ್ದೆ. "ಕಾಫಿ ಎರಡು, ಸಕ್ಕರೆ ಕಮ್ಮಿ!" ಎಂದಳು. ಓಡಿ ಹೋಗಿ ತಬ್ಬಿಕೊಂಡೆ. ಸಂಜೆಯವರೆಗೂ ಇಬ್ಬರೂ ಆರ್ಡರ್ ಕೂಗಿದೆವು. ಅಷ್ಟು ಸುಖ ನನಗೆ ಆ ಊರಲ್ಲಿ ಬೇರೆ ಯಾವತ್ತೂ ಸಿಕ್ಕಿರಲಿಲ್ಲ.

ಏಳನೆಯ ದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕೈ ಕಚ್ಚಿಕೊಂಡಿದ್ದಳು. ಹೊಸ ಚರ್ಮ ಕಿತ್ತು ಬಂದು ಫ್ರಾಕೆಲ್ಲ ರಕ್ತವಾಗಿತ್ತು.

ಮರುದಿನ ಡಾಕ್ಟರಮ್ಮನ ಬಳಿ ಹೋಗಬೇಕಾದ ದಿನ. ಆಟೋದಲ್ಲಿ ಇವರು ಬ್ಯಾಂಡೇಜು ನೋಡಿ, "ಮದ್ದು ಕೊಟ್ಟೂ ಹೀಗೆ ಆಗುದಾದ್ರೆ ಎಂತಕ್ಕೆ ಕೊಡುದು? ನಿಲ್ಲಿಸುವ" ಎಂದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ನನ್ನ ಹರ್ಷಿಣಿಯ ಕೂಗು ನನಗೆ ವಾಪಸ್ಸು.

ಇವರು ಅದನ್ನೇ ಡಾಕ್ಟರಮ್ಮನಿಗೆ ತಮಿಳಿನಲ್ಲಿ ಹೇಳಿದರು. ಅವರು ತಲೆಯಾಡಿಸಿ ಚೀಟಿ ಎಳೆದುಕೊಂಡರು. ಪಕ್ಕದಲ್ಲಿ ಹರ್ಷಿಣಿ ಬ್ಯಾಂಡೇಜನ್ನು ಹಲ್ಲಿನಿಂದ ಎಳೆಯುತ್ತಿದ್ದಳು. ಆ ಕೈ ಅವಳದು, ನೋವೂ ಅವಳದೇ. ನನಗೆ ನಾಚಿಕೆಯಾಯಿತು.

"ಒಂದು ವಾರದಿಂದ ನಾನು ಅರ್ಧವೇ ಕೊಟ್ಟದ್ದು," ಎಂದೆ, ಕನ್ನಡದಲ್ಲೇ, ಇವರ ಕಡೆ ತಿರುಗಿ. "ಇವಳು ಕೂಗದಿದ್ರೆ ನನ್ನ ಹತ್ರ ಮಾತಾಡ್ಲಿಕ್ಕೆ ಯಾರೂ ಇಲ್ಲ."

ಇವರು ನನ್ನ ಮೊದಲ ಮಾತನ್ನಷ್ಟೇ ಡಾಕ್ಟರಮ್ಮನಿಗೆ ತಮಿಳಿನಲ್ಲಿ ತಿಳಿಸಿದರು. ಮುಂದೇನು ಎಂದು ಅವರು ನಮ್ಮಿಬ್ಬರನ್ನೂ ಕೇಳಿದರು. ಇವರು ನನ್ನ ಮುಖ ನೋಡಿದರು.

"ಪೂರ್ತಿ ಕೊಡ್ತೇನೆ," ಎಂದೆ.

ವಾಪಸ್ಸು ಬರುವಾಗ ಇವರು ಮಗಳ ಕೈ ಹಿಡಿದುಕೊಂಡು ಹೊರಗೆ ನೋಡುತ್ತ ಕೂತಿದ್ದರು. ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಎಂದು ದಾರಿಯುದ್ದಕ್ಕೂ ಕಾದೆ. ಹೋಟೆಲು ಬಂತು. ಇಳಿದು ನೇರ ಗಲ್ಲಾಕ್ಕೆ ಹೋಗಿ ಕೂತರು. ಬೈದಿದ್ದರೆ ಅದಾದರೂ ಒಂದು ಮಾತಾಗುತ್ತಿತ್ತು.