ಒಂದು ಗೀರೂ ಬೀಳದಂತೆ

ತಿರುಗಲಿಲ್ಲ. ಎರಡನೇ ಸಲವೂ ತಿರುಗಲಿಲ್ಲ. ಶ್ರೀನಾಥ ಸ್ಕ್ರೂಡ್ರೈವರ್ ಕೆಳಗಿಟ್ಟು, ಹೆಂಡತಿಯ ಮಣಿಕಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಡಗದ ಪುಟ್ಟ ಸ್ಕ್ರೂವನ್ನು ಭೂತಗನ್ನಡಿಯಲ್ಲಿ ನೋಡಿದ. ಕೈಯನ್ನು ನೋಡಲಿಲ್ಲ.

"ಜೋರು ಮಾಡಿದ್ರ ಸ್ಕ್ರೂ ತಲಿ ಸವದು ಹೋಗ್ತೈತಿ," ಅಂದ. "ಆಮ್ಯಾಲ ಯಾರ ಕೈಲೂ ಆಗಂಗಿಲ್ಲ."

ಬೆಳಿಗ್ಗೆ ಬಚ್ಚಲ ಬಾಗಿಲ ಸಂದಿಯಲ್ಲಿದ್ದ ಕಣಜದ ಹುಳು ಹರಿತಾಳ ಕೈಗೆ ಕುಟುಕಿತ್ತು. ಹೊತ್ತೇರುವಷ್ಟರಲ್ಲಿ ಕೈ ಬಾತು, ಚಿನ್ನದ ಕಡಗ ಚರ್ಮದೊಳಗೆ ಹೂತುಕೊಳ್ಳತೊಡಗಿತ್ತು. ಬೆರಳುಗಳು ಜೋಮು ಹಿಡಿದಿದ್ದವು.

ಕಡಗ ಅತ್ತೆ ಶಂಕರಮ್ಮ ಮದುವೆಯಲ್ಲಿ ಕೊಟ್ಟದ್ದು. ಸ್ಕ್ರೂ ಪದೇ ಪದೇ ಸಡಿಲಾಗುತ್ತದೆಂದು ಒಮ್ಮೆ ದೂರಿದವಳು ಹರಿತಾಳೇ. ಮರುದಿನವೇ ಶ್ರೀನಾಥ, ತಾನು ಕೆಲಸ ಮಾಡುವ ಕರೆಂಟ್ ಮೀಟರ್ ರಿಪೇರಿ ಕೋಣೆಯಿಂದ ಕೆಂಪು ಬಾಟಲಿ ತಂದಿದ್ದ. ಸ್ಕ್ರೂ ಕದಲದಂತೆ ಹಿಡಿದಿಡುವ ಅಂಟು. ಒಂದೇ ಹನಿ. "ಇನ್ನ ಈ ಜನ್ಮದಾಗ ಬಿಚ್ಚಂಗಿಲ್ಲ," ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು. ಪ್ರೀತಿ ಅಂದರೆ ಇದೇ ಇರಬೇಕೆಂದು ಒಪ್ಪಿಕೊಂಡಿದ್ದಳು. ಬೇರೆ ಪುರಾವೆ ಇರಲಿಲ್ಲ.

"ಆಸ್ಪತ್ರಿಗೆ ಹೋಗೂಣೇನ್ರಿ?"

"ಅವರು ಕಡಗ ಕತ್ತರಿಸ್ತಾರ."

"ಕತ್ತರಿ ಹಚ್ಚಬ್ಯಾಡ್ರೋ," ಒಳಗಿನಿಂದ ಶಂಕರಮ್ಮನ ದನಿ. "ನಮ್ಮತ್ತಿ ಕೈಯಾಗಿಂದು ಅದು."

"ಇಲ್ಲತ್ತಿ, ಹಚ್ಚಂಗಿಲ್ಲ," ಅಂದಳು ಹರಿತಾ. ಯಾಕೆ ಅಂದೆ ಎಂದು ಆಮೇಲೆ ಯೋಚಿಸಿದಳು. ಕರ್ನಾಟಕದ ಗಡಿಗೆ ಹತ್ತಿರದ ಮಕ್ತಲ್‌ನ ಜೂನಿಯರ್ ಕಾಲೇಜಿನಲ್ಲಿ ಗಂಟೆಗಟ್ಟಲೆ ಭೌತಶಾಸ್ತ್ರ ಹೇಳುವವಳಿಗೆ 'ಕತ್ತರಿಸಿರಿ' ಎಂಬ ಒಂದು ಮಾತು ಆಡಲಾಗಲಿಲ್ಲ.

ಅಂಟು ಸಡಿಲಾಗಲು ಕಾವು ಬೇಕು. ತಂತಿ ಬೆಸೆಯುವ ಸೋಲ್ಡರಿಂಗ್ ಕಡ್ಡಿ ಕಾಯಲು ಕರೆಂಟ್ ಬೇಕು. ಪ್ರತ್ಯೇಕ ರಾಜ್ಯಕ್ಕಾಗಿ ತೆಲಂಗಾಣವೆಲ್ಲ ಮುಷ್ಕರ ಹೂಡಿತ್ತು. ಕಾಲೇಜಿಲ್ಲ, ತವರಾದ ಗದ್ವಾಲಿಗೆ ಬಸ್ಸಿಲ್ಲ, ಗಣಿಯಿಂದ ಕಲ್ಲಿದ್ದಲು ಬಾರದೆ ಕರೆಂಟೂ ಇಲ್ಲ. ಗಂಡ ಹೆಂಡತಿ ಇಬ್ಬರೂ ಮುಷ್ಕರದಲ್ಲಿದ್ದರು. ಇಷ್ಟು ದಿನ ಇಬ್ಬರೂ ಹಗಲೆಲ್ಲ ಮನೆಯಲ್ಲಿದ್ದದ್ದು ಮದುವೆಯಾದ ಮೇಲೆ ಇದೇ ಮೊದಲು. ಮಾತು ಮೊದಲ ದಿನವೇ ಮುಗಿದಿತ್ತು.

ಮಧ್ಯಾಹ್ನ ಇಳಿದ ಮೇಲೆ ಫ್ಯಾನು ತಿರುಗಿತು. ಶ್ರೀನಾಥ ಕಡಗದಡಿಗೆ ಹಸಿಬಟ್ಟೆಯ ಚೂರೊಂದನ್ನು ಕಷ್ಟಪಟ್ಟು ತೂರಿಸಿ, ಕಾದ ಕಡ್ಡಿಯ ಮೊನೆಯನ್ನು ಸ್ಕ್ರೂ ತಲೆಗೆ ಒತ್ತಿ ಹಿಡಿದ. ಅವನ ಬೆರಳುಗಳು ಇಷ್ಟು ಮೆಲ್ಲಗೆ, ಇಷ್ಟು ಎಚ್ಚರದಿಂದ ಕೆಲಸ ಮಾಡುವುದನ್ನು ಅವಳು ಕಂಡಿರಲಿಲ್ಲ. ಕಡಗದ ಮೇಲೆ ಹೊಟ್ಟೆಕಿಚ್ಚಾಯಿತು.

ಚಿನ್ನ ಶಾಖವನ್ನು ಬಲುಬೇಗ ಹರಿಸುತ್ತದೆ. ಇದನ್ನು ಅವಳು ಪ್ರತಿ ವರ್ಷ ಪಾಠ ಮಾಡುತ್ತಿದ್ದಳು.

"ಸುಡಾಕತ್ತೈತ್ರಿ."

"ಸ್ಕ್ರೂ ಸುಡಬೇಕು. ಇಲ್ಲಂದ್ರ ಬರಂಗಿಲ್ಲ."

"ಸ್ಕ್ರೂ ಅಲ್ರಿ. ಕೈ."

"ತಡಕೋ."

ತಡೆದುಕೊಂಡಳು. ಅವನು ಕಡ್ಡಿ ತೆಗೆದವನೇ, ಕಾವು ಆರುವ ಮೊದಲೇ ಸ್ಕ್ರೂಡ್ರೈವರನ್ನು ನೆಟ್ಟಗೆ ಊರಿ, ಉಸಿರು ಬಿಗಿಹಿಡಿದು ತಿರುಗಿಸಿದ. ಟಿಕ್ ಎಂದಿತು. ಸ್ಕ್ರೂ ಸುತ್ತು ಸುತ್ತಾಗಿ ಮೇಲೆದ್ದು ಬಂತು. ಕಡಗ ಬಾಯಿ ತೆರೆಯಿತು.

"ಅವ್ವಾ, ನೋಡಿಲ್ಲಿ! ಒಂದು ಗೀರೂ ಬಿದ್ದಿಲ್ಲ."

ಶಂಕರಮ್ಮ ಹೊರಗೆ ಬಂದು ಕಡಗವನ್ನು ಸೆರಗಿನಿಂದ ಒರೆಸಿ, ತಿರುಗಿಸಿ ತಿರುಗಿಸಿ ನೋಡಿದಳು. ಹರಿತಾಳ ಮಣಿಕಟ್ಟಿನ ಸುತ್ತ ಕಡಗದಷ್ಟೇ ಅಗಲದ ಕೆಂಪು ಬೊಬ್ಬೆ ಎದ್ದಿತ್ತು.

"ಕೈ ಮ್ಯಾಲ ಎತ್ತಿ ಹಿಡಕೋ, ಬಾವು ಇಳೀತೈತಿ," ಅಂದ ಶ್ರೀನಾಥ. "ಈ ಸಲ ನೀಲಿ ಬಾಟ್ಲಿ ಅಂಟು ಹಚ್ತೀನಿ. ಅದಾದ್ರ ಬೇಕಂದಾಗ ಬಿಚ್ಚಾಕ ಬರ್ತೈತಿ."

"ಯಾರಿಗೆ ಬೇಕಂದಾಗ?"

ಅವನು ಸ್ಕ್ರೂವನ್ನು ಹುಷಾರಾಗಿ ಡಬ್ಬಿಗೆ ಹಾಕುತ್ತಿದ್ದ.

ಅವಳು ಮಾಳಿಗೆ ಹತ್ತಿ ಗಾಳಿಗೆ ನಿಂತಳು. ಕೈ ಇಳಿಸಿದರೆ ರಕ್ತ ನುಗ್ಗಿ ಸಿಡಿಯುತ್ತಿತ್ತು, ಎತ್ತಿಯೇ ಹಿಡಿದಳು. ಕೆಳಗೆ ಮುಷ್ಕರದವರ ಮೆರವಣಿಗೆ ಬಂತು. ಮುಂದಿದ್ದವನೊಬ್ಬ ತಲೆ ಎತ್ತಿ ನೋಡಿ, "ಜೈ ತೆಲಂಗಾಣ, ಮೇಡಂ!" ಎಂದು ಮುಷ್ಟಿ ಎತ್ತಿದ. ಹಿಂದಿನವರೂ ಎತ್ತಿದರು. ಓಣಿ ತುಂಬ ಮುಷ್ಟಿಗಳು ಅವಳ ಕೈಗೆ ಉತ್ತರ ಕೊಟ್ಟವು.

ಇನ್ನು ಇಳಿಸುವಂತಿರಲಿಲ್ಲ. ಮುಷ್ಟಿ ಕಟ್ಟಲು ನೋಡಿದಳು. ಬಾತ ಬೆರಳುಗಳು ಮಡಚಿಕೊಳ್ಳಲಿಲ್ಲ. ಅವರು ಅಲ್ಲೇ ನಿಂತು, ಮತ್ತೂ ಜೋರಾಗಿ ಕೂಗಿ, ಅವಳ ಕೂಗಿಗಾಗಿ ಮುಖ ಮೇಲೆತ್ತಿ ಕಾದರು. ಬಾಯಿ ತೆರೆಯಿತು. ದನಿ ಬರಲಿಲ್ಲ. ಬರಿಗೈ, ಬೆರಳು ಅಗಲಿಸಿಕೊಂಡು, ಎಲ್ಲರ ಮೇಲೆ ಹಾಗೇ ನಿಂತಿತ್ತು.