ರಸ್ತೆಯಾಚೆಯ ನರ್ಸ್

ನಮ್ಮ ಮನೆ ಉಲ್ಲಾಳದ ಕಡೆ. ಮನೆ ಮುಂದಿನ ರಸ್ತೆಯಲ್ಲಿ ಎರಡು ಕಾರು ಎದುರುಬದುರಾದರೆ ಒಂದು ಚರಂಡಿಗೆ ಇಳಿಯಬೇಕು, ಅಷ್ಟೇ ಅಗಲ. ಆರೋಗ್ಯ ಇಲಾಖೆಯ ಪಾಲಿಗೆ ಮಾತ್ರ ಅದು ದೊಡ್ಡ ಗಡಿ. ಈಚೆ ಬದಿಯ ನಾವು ಪಂಚಾಯಿತಿ ಕಡೆಯ ಆರೋಗ್ಯ ಕೇಂದ್ರಕ್ಕೆ, ಅದರ ಮೇಲೆ ತಾಲ್ಲೂಕಿಗೆ, ಅದರ ಮೇಲೆ ಜಿಲ್ಲೆಗೆ ಸೇರಿದವರು. ಆಚೆ ಬದಿಯವರು ನಗರದ ಕೇಂದ್ರಕ್ಕೆ, ಅದರ ಮೇಲೆ ವಲಯದ ಅಧಿಕಾರಿಗೆ. ನನಗೆ ಇದೆಲ್ಲ ತಿಳಿದದ್ದು ಅತ್ತೆಯ ಕಾಲಿನಿಂದ.

ಅತ್ತೆ ಚಿಕ್ಕಲಕ್ಷ್ಮಮ್ಮನವರಿಗೆ ಸಕ್ಕರೆ ಕಾಯಿಲೆ. ಪಾದದ ಹುಣ್ಣು ಮಾಯುತ್ತಿರಲಿಲ್ಲ. ವಾರಕ್ಕೆರಡು ಸಲ ಸರಿಯಾಗಿ ಡ್ರೆಸ್ಸಿಂಗ್ ಆಗದಿದ್ದರೆ ಕಾಲೇ ತೆಗೆಯಬೇಕಾಗುತ್ತದೆ, ನಿಮ್ಮ ಏರಿಯಾದ ನರ್ಸ್ ಮನೆಗೇ ಬರುತ್ತಾರೆ ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಹೇಳಿ ಕಳಿಸಿದರು. ನಮ್ಮ ಕೇಂದ್ರದಲ್ಲಿ ಕೇಳಿದರೆ ಆ ಹುದ್ದೆಯೇ ಖಾಲಿ. ತಾಲ್ಲೂಕಿನಲ್ಲಿ ಕೇಳಿದರೆ ಜಿಲ್ಲೆಯಿಂದ ಬರಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿಯೇ ನೇಮಕವಾಗಿರಲಿಲ್ಲ. ಎಲ್ಲರೂ ಮರ್ಯಾದೆಯಿಂದ ಕೂರಿಸಿ ಮಾತಾಡಿಸಿದರು. ಜಗಳವಾಡಲು ಒಬ್ಬರಾದರೂ ಸಿಗಬೇಕಲ್ಲ, ಅದೇ ನನ್ನ ಸಿಟ್ಟು.

ಆಚೆ ಬದಿಗೆ ಮಾತ್ರ ದೀಪ್ತಿ ಎಂಬ ನರ್ಸ್ ಸ್ಕೂಟರಿನಲ್ಲಿ ಬರುತ್ತಿದ್ದಳು. ಒಂದು ದಿನ ತಡೆದು ಕೇಳಿದೆ. ತನ್ನದಲ್ಲದ ಬದಿಯಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಕೆಲಸಕ್ಕೇ ಕುತ್ತು ಎಂದಳು, ಪಾಪ. ಆಮೇಲೆ ನಮ್ಮ ಎದುರು ಮನೆ ತೋರಿಸಿದಳು.

“ಆಂಟಿ, ಅಜ್ಜಿ ಅಲ್ಲಿದ್ರೆ ನಾನೇ ನೋಡ್ತೀನಿ. ಅದೂ ಅವರ ಮಗನ ಮನೇನೇ ಅಲ್ವಾ?”

ಮಗನ ಮನೆಯೇ, ನನ್ನ ಮೈದುನ ಮಧುಕುಮಾರನದು. ಆಸ್ತಿ ಭಾಗವಾದಾಗ ಬೋರ್‌ವೆಲ್ ಅವನ ಪಾಲಿಗೆ ಹೋಯಿತು, ಅಣ್ಣತಮ್ಮಂದಿರ ಮಾತೂ ಅದರ ಜೊತೆಗೇ ಹೋಯಿತು. ನಮ್ಮವರಿಗೆ, ಎಂದರೆ ಕೃಷ್ಣಪ್ಪನವರಿಗೆ ವಿಷಯ ಹೇಳಿದೆ. ಸತ್ತರೂ ಆ ಹೊಸಿಲು ತುಳಿಯುವುದಿಲ್ಲ ಎಂದರು. ನನಗೆ ರೇಗಿತು. ಸಾಯುವವರು ನೀವಲ್ಲ, ಹೋಗುವ ಕಾಲೂ ನಿಮ್ಮದಲ್ಲ ಎಂದೆ. ಅರ್ಧ ಊಟಕ್ಕೆ ಎದ್ದುಹೋದರು.

ಮಂಗಳವಾರ ಬೆಳಿಗ್ಗೆ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟವರು ಅವರೇ. ಅತ್ತೆಯನ್ನು ಕೂರಿಸಿ ಇಬ್ಬರೂ ಎತ್ತಿದೆವು. ನಡುರಸ್ತೆಯಲ್ಲಿ ನನ್ನ ಕೈ ಸೋತಿತು. ದೀಪ್ತಿ ಮೊದಲೇ ಹೇಳಿದ್ದಳೋ ಏನೋ, ಮಧು ಬಂದು ನನ್ನ ಬದಿ ಹಿಡಿದ. ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ ಮುಖ ತಿರುಗಿಸಿಕೊಂಡೇ ಹೊತ್ತರು. ಅತ್ತೆ ಮಾತ್ರ ಕುರ್ಚಿ ಓರೆಯಾಗಿದೆ ಎಂದು ಇಬ್ಬರನ್ನೂ ಸೇರಿಸಿ ಬೈದರು.

ಹೀಗೇ ಮಂಗಳವಾರ, ಶುಕ್ರವಾರ. ಮೊದಮೊದಲು ನಮ್ಮವರು ತಮ್ಮನ ಗೇಟಿನ ಹೊರಗೇ ಕಾಯುತ್ತಿದ್ದರು. ಆಮೇಲೆ ಮೆಟ್ಟಿಲ ಮೇಲೆ ಕೂತರು. ಒಂದು ದಿನ ಒಳಗೆ ಕಾಫಿ ಕುಡಿದು ಬಂದು ನನಗೆ ಹೇಳಲಿಲ್ಲ, ಮೀಸೆ ಹೇಳಿತು. ಅತ್ತೆಯ ಹುಣ್ಣೂ ಮೆಲ್ಲಗೆ ಮಾಯುತ್ತಾ ಬಂತು.

ಮಳೆಗಾಲ ಮುಗಿಯುವ ಹೊತ್ತಿಗೆ ಆದೇಶ ಬಂತು. ನಮ್ಮ ಬದಿಯೂ ಇನ್ನು ನಗರದ ಕೇಂದ್ರಕ್ಕೇ ಸೇರಿತು. ದೀಪ್ತಿ ನಮ್ಮ ಗೇಟಿನಲ್ಲೇ ಸ್ಕೂಟರ್ ನಿಲ್ಲಿಸಿ, ಇನ್ನು ಅಜ್ಜಿಯನ್ನು ಹೊರುವ ಕಷ್ಟವಿಲ್ಲ, ಇಲ್ಲಿಗೇ ಬರುತ್ತೇನೆ ಎಂದು ಖುಷಿಯಿಂದ ಹೇಳಿದಳು.

ನಮ್ಮವರು ಎದುರು ಮನೆಯತ್ತ ನೋಡಿದರು. ಮಧು ಆಗಲೇ ಅಂಗಿಯ ತೋಳು ಮಡಚಿಕೊಂಡು ರಸ್ತೆಗಿಳಿದಿದ್ದ.

“ಬೇಡಮ್ಮಾ, ನೀವು ಅಲ್ಲಿಗೇ ಬನ್ನಿ,” ಎಂದರು. “ನಾವು ಕರ್ಕೊಂಡ್ ಬರ್ತೀವಿ.”

ಅತ್ತೆಯನ್ನು ಕರೆಯಲು ಒಳಗೆ ಹೋದೆ. ಅವರು ಆಗಲೇ ಕುರ್ಚಿಯಲ್ಲಿ ಕೂತಿದ್ದರು.