ಮೂರು ಒಂಬತ್ತು

ಲ್ಯಾಬಿನ ಫ್ಯಾನು ಕಟಕಟ ಅನ್ನುತ್ತಿದೆ, ಯಾರಾದರೂ ಎದ್ದು ಆರಿಸಬಾರದೇ, ಆರಿಸಿದರೆ ಸೆಕೆ, ಬಿಟ್ಟರೆ ತಲೆನೋವು, ನನ್ನ ಲ್ಯಾಪ್‌ಟಾಪಿನ ಪರದೆಯ ಮೇಲೆ ಆ ಮೂರು ಒಂಬತ್ತು ಮಾತ್ರ ಅಲ್ಲಾಡದೆ ಕೂತಿವೆ — ಹೆಸರಿನ ಮುಂದೆ ಅಣ್ಣ, ತೊಂದರೆಯ ಮುಂದೆ ಹಲ್ಲುನೋವು, ವಯಸ್ಸಿನ ಮುಂದೆ 999. ಆಯ್ತೇನೇ, ಪಕ್ಕದ ಕುರ್ಚಿಯಿಂದ ಸೈರನ್, ಅವಳು ಪಿಸುಗುಟ್ಟಿದರೂ ಕಾರಿಡಾರಿಗೆ ಕೇಳಿಸುತ್ತದೆ, ಅದಕ್ಕೇ ಆ ಹೆಸರು, ಆ ಟೀಮಿಂದು ಮುಗೀತು ಅಂದ್ರೆ ನಮ್ದೇ ಡೆಮೋ, ವಯಸ್ಸಿನ ಚೆಕ್ ಹಾಕಿದ್ಯಾ ಇಲ್ವಾ. ಹಾಕ್ತಿದೀನಿ ಕಣೇ, ಪ್ರಾಣ ತಿನ್ಬೇಡ. ಹಾಕುವುದೇನು ಮಹಾ, ಒಂದು ಸಾಲು, ವಯಸ್ಸು ನೂರಿಪ್ಪತ್ತು ದಾಟಿದರೆ ಒಪ್ಪಬೇಡ, ಮೊದಲ ವರ್ಷದವರೂ ಬರೆಯುತ್ತಾರೆ, ಹೋದ ವಾರ ಮೇಷ್ಟ್ರು ಬೈದದ್ದೂ ಇದಕ್ಕೇ, ಕ್ಲಿನಿಕ್ಕಿಗೆ ಟೋಕನ್ ಕೊಡೋ ಆ್ಯಪ್ ಇದು, ಯಾರು ಏನ್ ಬರೆದ್ರೂ ಹೂಂ ಅನ್ನುತ್ತಲ್ರಮ್ಮಾ, ಸರಿ ಮಾಡ್ಕೊಂಡು ಬನ್ನಿ, ಇಲ್ಲಾಂದ್ರೆ ಟೀಮಿಗೆ ಟೀಮೇ ಮುಂದಿನ ವರ್ಷ ಇದೇ ಬೆಂಚು. ಯಾರೇ ಇದು ಅಣ್ಣ, ಅಂತ ಆಮೇಲೆ ಸೈರನ್ ಕೇಳಿದಳು, ಯಾರೋ ತಮಾಷೆಗೆ ಹಾಕಿದ್ದು ಅಂದೆ. ತಮಾಷೆಗೇ ಹಾಕಿದ್ದು.

ಅಣ್ಣ ಲಿಫ್ಟ್ ರಿಪೇರಿಯವನು, ಮನೆಗೆ ಹೊಸದೇನೇ ಬರಲಿ ಮೊದಲು ಅದರ ಮೇಲೆ ಕುಣಿದು ನೋಡುತ್ತಿದ್ದ, ಮಂಚದ ಮೇಲೆ, ಬಚ್ಚಲಿನ ಸ್ಟೂಲಿನ ಮೇಲೆ, ಅಮ್ಮ ಬೈದರೆ, ಮುರಿಯೋದಾದ್ರೆ ಈಗ್ಲೇ ಮುರೀಲಿ ಬಿಡಮ್ಮಾ, ನೀನು ಹತ್ತಿದಾಗ ಮುರಿಯೋದ್ಯಾಕೆ. ನನ್ನ ಆ್ಯಪಿನ ಮೇಲೂ ಹಾಗೇ ಕುಣಿದ, ಗ್ರೀಸು ಹತ್ತಿದ ಬೆರಳಲ್ಲೇ, ಕೀಬೋರ್ಡು ಕಣೋ ಅಂತ ನಾನು ಕಿರುಚುತ್ತಿದ್ದರೂ ಒತ್ತಿದ, ಒಂಬತ್ತು, ಒಂಬತ್ತು, ಒಂಬತ್ತು, ಟೋಕನ್ ಬಂದೇಬಿಟ್ಟಿತು, ಹೊಟ್ಟೆ ಹಿಡಿದುಕೊಂಡು ನಕ್ಕ, ಅಯ್ಯೋ ಪೆದ್ದೀ, ಇಷ್ಟು ಮುದುಕಂಗೆ ಹಲ್ಲೆಲ್ಲಿ ಇರುತ್ತೆ, ಹಲ್ಲುನೋವಿಗೆ ಟೋಕನ್ ಕೊಟ್ಟುಬಿಡ್ತಲ್ಲೇ ನಿನ್ ಆ್ಯಪು! ನಾಳೆ ಸರಿ ಮಾಡ್ತೀನಿ ಹೋಗೋ ಅಂದೆ. ಆ ನಾಳೆ ಅವನು ಯಾವುದೋ ಕಟ್ಟಡದ ಕೆಲಸಕ್ಕೆ ಹೋದ, ಮೇಲಿನ ಮಹಡಿಗೆ ಲಿಫ್ಟ್ ಬಂದಿರಲಿಲ್ಲ, ಬಾಗಿಲು ಮಾತ್ರ ತೆರೆಯಿತು, ಲಿಫ್ಟ್ ಇಲ್ಲದಿದ್ದರೆ ತೆರೆಯಕೂಡದು, ಅದಕ್ಕೂ ಒಂದು ಚೆಕ್ ಇರುತ್ತದಂತೆ, ಯಾರೋ ಕೆಲಸಕ್ಕೆ ಅಡ್ಡಿ ಅಂತ ಅದನ್ನು ತಪ್ಪಿಸಿಟ್ಟಿದ್ದರಂತೆ, ಮನೆ ತುಂಬ ಜನ, ಎಲ್ಲರ ಬಾಯಲ್ಲೂ ಅಂತೆ ಅಂತೆ ಅಂತೆ, ಅಣ್ಣ ಕಾಲಿಟ್ಟ. ಎಲ್ಲದರ ಮೇಲೂ ಕುಣಿದು ನೋಡುವವನು, ಅಲ್ಲಿ ಕುಣಿಯಲು ಏನೂ ಇರಲಿಲ್ಲ. ಈಗ ಅಮ್ಮ ಎಲ್ಲಿಗೆ ಹೋದರೂ ಕುರ್ಚಿಯನ್ನು ಅಂಗೈಯಿಂದ ಒತ್ತಿ ನೋಡಿ ಕೂರುತ್ತಾಳೆ. ಕ್ಲಾಸಿನಲ್ಲಿ ಮೇಷ್ಟ್ರು, ತಪ್ಪು ಬಂದ್ರೆ ಬಾಗಿಲಲ್ಲೇ ತಡೀಬೇಕು, ಒಳಗೆ ಬಿಟ್ಕೊಂಡು ಆಮೇಲೆ ಅಳೋದಲ್ಲ, ಎಲ್ಲರೂ ಬರೆದುಕೊಳ್ಳುತ್ತಾರೆ, ನಾನು ಪೆನ್ನಿನ ಮುಚ್ಚಳ ಕಚ್ಚುತ್ತೇನೆ.

ಸಾಲು ಬರೆದಾಯಿತು, ಓಡಿಸಿದೆ, ಪಟ್ಟಿಯಲ್ಲಿ ಉಳಿದವರೆಲ್ಲ ಪಾಸು, ಅಣ್ಣನ ಚೌಕ ಒಂದೇ ಕೆಂಪಗಾಯಿತು, ಕೆಳಗೆ ಸೈರನ್ ಬರೆದಿಟ್ಟ ವಾಕ್ಯ, ಈ ವಯಸ್ಸು ಸಾಧ್ಯವಿಲ್ಲ. ಅಳಿಸೇ ಅದನ್ನ, ಒಂದು ಬಟನ್ನು, ಅನ್ನುತ್ತಾಳೆ, ಅವಳಿಗೇನು ಗೊತ್ತು ಪಾಪ, ಅಳಿಸುವುದಿಲ್ಲ, ತಿದ್ದುತ್ತೇನೆ, ತಿದ್ದಿದರೆ ಇರಬಹುದಲ್ಲ — ಇಪ್ಪತ್ತಾರು. ಕೆಂಪು ಹೋಯಿತು. ಎಷ್ಟು ಬೇಗ ಒಪ್ಪಿಕೊಂಡಿತು, ಒಂದು ಮಾತೂ ಕೇಳದೆ, ಇಪ್ಪತ್ತಾರು, ಮುಂದಿನ ವರ್ಷವೂ ಇಪ್ಪತ್ತಾರು, ನನಗೆ ಇಪ್ಪತ್ತೇಳಾದಾಗ ಅವನು ನನಗೆ ತಮ್ಮ, ಹಲ್ಲುನೋವಿನ ತಮ್ಮ, ಇಲ್ಲ, ಇದು ಅವನಲ್ಲ, ಇದು ಪೊಲೀಸರು ಕೇಳಿದ ವಯಸ್ಸು, ಅಪ್ಪ ಗೋಡೆ ನೋಡಿಕೊಂಡು ಹೇಳಿದ ವಯಸ್ಸು, ನನಗೆ ನಕ್ಕವನು ಬೇಕು, ಅಳಿಸಿ ಮತ್ತೆ ಒತ್ತುತ್ತೇನೆ, ಒಂಬತ್ತು, ಒಂಬತ್ತು, ಒಂಬತ್ತರ ಗುಂಡಿ ಇನ್ನೂ ಸ್ವಲ್ಪ ಕಪ್ಪಗೇ ಇದೆ, ಕುರ್ಚಿ ಸರಿದ ಸದ್ದು, ಬೆನ್ನ ಹಿಂದೆ ಮೇಷ್ಟ್ರು, ಹಾಂ, ಈಗ ತಡೀತಾ ಇದೆ, ಭೇಷ್, ಸೈರನ್ ನನ್ನ ಭುಜ ಹಿಂಡುತ್ತಾಳೆ, ಪಾಸಾದೆವು ಅಂತ ಕಾಣುತ್ತದೆ, ಎಲ್ಲಿ, ಇದನ್ನ ತೆಗೆದುಬಿಡಮ್ಮ, ಮೇಷ್ಟ್ರ ಬೆರಳು ಅಣ್ಣನ ಚೌಕದ ಮೇಲೆ, ಯಾರಿದು, ಯಾರಾದ್ರೂ ಇದ್ದಾರಾ ಈ ಹೆಸರಲ್ಲಿ, ಬಾಯಿ ತೆರೆಯುತ್ತೇನೆ, ಇದ್ದಾರೆ ಸರ್ ಅನ್ನಬೇಕು, ಇದ್ದ ಅನ್ನಬೇಕು, ಫ್ಯಾನು ಕಟಕಟ, ಕೆಂಪು ಚೌಕ, ಒಂಬತ್ತು, ಒಂಬತ್ತು, ಒಂಬತ್ತು, ಈ ವಯಸ್ಸು ಸಾಧ್ಯವಿಲ್ಲ